ಎರವಲು ಮೊಳೆಯಿಂದಲೇ ಶುರು ಮಾಡಿ

ನಮಸ್ಕಾರ.

ಸುಲ್ತಾನ್‌ಪೇಟೆಯ ನಿಮ್ಮ ಮನೆತನದ ಪ್ರೆಸ್ಸು ಮತ್ತು ಆ ಕಸುಬು ತಂದುಕೊಟ್ಟ ಗೆಳೆತನಗಳ ಬಗ್ಗೆ ನೀವು ಕಳಿಸಿದ ‘ನನ್ನ ಮುದ್ರಣ ಯಾನ’ವನ್ನು ಎರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಏಳನೇ ಪುಟದಲ್ಲಿ ನಾಲ್ಕು ಸಾಲುಗಳಿವೆ, ಅವನ್ನು ಬಿಟ್ಟುಕೊಡಲು ನಮಗೆ ಮನಸ್ಸಿಲ್ಲ.

ಕಾದಂಬರಿಯೊಂದು ಅಚ್ಚಿಗೆ ಹೋಗುವ ಹೊತ್ತಿಗೆ ‘ತ’ ಒತ್ತಿನ ಮೊಳೆ, ಅಂದರೆ ಸೀಸದ ಅಚ್ಚಕ್ಷರ, ಮುಗಿದುಹೋಯಿತು. ನಿಮ್ಮ ತಂದೆ ಚೀಟಿ ಬರೆದು ಹುಡುಗನ ಕೈಲಿ ಪಕ್ಕದ ಬೀದಿಯ ಪ್ರೆಸ್ಸಿಗೆ ಕಳಿಸಿದರು. ಮೊಳೆ ಬಂತು, ಕೆಲಸ ಮುಗಿಯಿತು. ‘ಅಂದಿನಿಂದ ಅವರೊಂದಿಗೆ ನಮ್ಮದು ಹೃದಯ ಸಂಬಂಧ’ ಎಂದು ಬರೆದು, ಮುಂದಿನ ಸಾಲಿಗೇ ಹೊಸ ಯಂತ್ರದ ಉದ್ಘಾಟನೆಗೆ ಹೊರಟುಬಿಟ್ಟಿದ್ದೀರಿ. ಇಷ್ಟು ಬೇಗ ಅಲ್ಲಿಂದ ಏಳಬಾರದಿತ್ತು.

ಮೊಬೈಲಿನಲ್ಲಿ ಬರೆಯುವ ಓದುಗರಿಗೆ ಒತ್ತು ‘ಮುಗಿಯುವುದು’ ಅಂದರೆ ಏನೆಂದೇ ತಿಳಿಯದು. ಅದನ್ನು ಹೇಳಿ. ಕನ್ನಡದ ಕೇಸಿನಲ್ಲಿ, ಅಂದರೆ ಮೊಳೆ ಇಡುವ ಪೆಟ್ಟಿಗೆಯಲ್ಲಿ, ಮೂಲಾಕ್ಷರ, ಗುಣಿತ, ಒತ್ತು ಎಲ್ಲಕ್ಕೂ ಬೇರೆ ಬೇರೆ ಖಾನೆ. ‘ಮತ್ತು’, ‘ಅಲ್ಲಿ’, ‘ಇದ್ದ’ ಇಲ್ಲದೆ ಕನ್ನಡದಲ್ಲಿ ಒಂದು ಪುಟ ದಾಟುವುದೂ ಕಷ್ಟ. ಹಾಗಾಗಿ ತ, ಲ, ದ ಒತ್ತಿನ ಖಾನೆಗಳೇ ಮೊದಲು ಬರಿದಾಗುತ್ತಿದ್ದವು. ಜೋಡಿಸಿದ ಪುಟ ಕಬ್ಬಿಣದ ಚೌಕಟ್ಟಾದ ಚೇಸಿನಲ್ಲಿ ಬಿಗಿದುಕೊಂಡು ಕೂತಿರುವವರೆಗೆ ಅದರೊಳಗಿನ ಮೊಳೆ ಯಾರಿಗೂ ಸಿಗದು. ಲೇಖಕರು ಕರಡು ತಿದ್ದಲು ಒಂದು ವಾರ ತೆಗೆದುಕೊಂಡರೆ ಅಷ್ಟು ಸೀಸವೂ ಒಂದು ವಾರ ಸೆರೆ. ಅಚ್ಚಾದ ಮೇಲೆ ಸೀಮೆಎಣ್ಣೆಯಲ್ಲಿ ತೊಳೆದು, ಒಂದೊಂದೇ ಮೊಳೆಯನ್ನು ಅದರ ಖಾನೆಗೆ ಹಂಚಿದ ಮೇಲಷ್ಟೇ ಮುಂದಿನ ಪುಟ.

ಅಂದಮೇಲೆ ಪಕ್ಕದ ಬೀದಿಯವರು ಕೊಟ್ಟದ್ದೇನು? ಒತ್ತಿನ ಮೊಳೆ ಕೊಟ್ಟು, ತಮ್ಮದೇ ಒಂದೆರಡು ಪುಟ ನಿಲ್ಲಿಸಿಕೊಂಡರು. ಅದೂ ತಮ್ಮ ಗಿರಾಕಿಯನ್ನು ನಾಳೆ ಕಸಿದುಕೊಳ್ಳಬಲ್ಲ ಪ್ರೆಸ್ಸಿಗೆ! ಇದು ಬರಹದಲ್ಲಿ ಬಂದರೆ ‘ಹೃದಯ ಸಂಬಂಧ’ ಎಂಬ ಮಾತೇ ಬೇಡ.

ಇನ್ನೂ ಹತ್ತಿರ ಹೋಗಿ. ಮೊಳೆಯ ಎತ್ತರ 0.918 ಅಂಗುಲ. ವರ್ಷಗಟ್ಟಲೆ ಓಡಿದ ಮೊಳೆ ಕೂದಲೆಳೆಯಷ್ಟು ಸವೆಯುತ್ತದೆ. ಸವೆದ ಮೊಳೆಗಳ ನಡುವೆ ಹೊಸದು ಸೇರಿದರೆ ಅದು ಕಾಗದಕ್ಕೆ ಚುಚ್ಚುತ್ತದೆ, ಸುತ್ತಲಿನವು ಮಸುಕಾಗುತ್ತವೆ. ಮಷೀನಿನವನು ಮಸುಕಾದ ಜಾಗಕ್ಕೆ ಸರಿಯಾಗಿ, ಅಚ್ಚಾಗುವ ಹಾಳೆಯ ಹಿಂದಿನ ಪ್ಯಾಕಿಂಗಿನಲ್ಲಿ ತೆಳು ಕಾಗದದ ಚೂರು ಅಂಟಿಸಿ ಮತ್ತೆ ಒಂದು ಹಾಳೆ ತೆಗೆದು ನೋಡಬೇಕು. ಎರವಲು ಮೊಳೆ ಬಂದ ದಿನ ನಿಮ್ಮಲ್ಲೂ ಹೀಗಾಗಿತ್ತೇ? ವಾಪಸು ಕೊಡುವಾಗ ತೂಗಿ ಕೊಟ್ಟರೋ, ಎಣಿಸಿ ಕೊಟ್ಟರೋ? ಒಂದೆರಡು ಮೊಳೆ ಮುರಿದು ಹೋಗಿದ್ದರೆ ಯಾರು ಏನೆಂದರು? ಗೆಳೆತನ ಉಳಿದದ್ದು ವಾಪಸು ಕೊಟ್ಟ ರೀತಿಯಿಂದ ಎಂದು ನಮಗೆ ಅನ್ನಿಸುತ್ತದೆ.

ಈಗ ತಪ್ಪುಗಳು. 160 ಪುಟದ ಡೆಮಿ ಅಷ್ಟ (ಡೆಮಿ ಹಾಳೆಯ ಎಂಟನೇ ಒಂದರಷ್ಟು ಅಳತೆಯ) ಪುಸ್ತಕದ ಸಾವಿರ ಪ್ರತಿಗೆ ‘ಹತ್ತು ರೀಮು’ ಕಾಗದ ಎಂದಿದ್ದೀರಿ, ರೀಮು ಅಂದರೆ 500 ಹಾಳೆ. ಹಾಳೆ ಎರಡರಷ್ಟು ದೊಡ್ಡದಾದ ಡಬಲ್ ಡೆಮಿಯಾದರೆ ಲೆಕ್ಕ ಸರಿ. ಬರೀ ಡೆಮಿಯಾದರೆ ಹಾಳೆಗೆ 16 ಪುಟದಂತೆ 10 ಫಾರಂ, ಫಾರಂಗೆ 1,000 ಹಾಳೆ, ಒಟ್ಟು 20 ರೀಮು, ಹಾಳಾಗುವ ಹಾಳೆ ಬೇರೆ. ಯಾವ ಸೈಜು ಎಂದು ಬರೆಯದಿದ್ದರೆ ಕಸುಬು ಬಲ್ಲವರು ಅಲ್ಲೇ ಎಡವುತ್ತಾರೆ, ಆಮೇಲೆ ನಿಮ್ಮ ಬೇರೆ ಮಾತನ್ನೂ ಅನುಮಾನದಿಂದ ಓದುತ್ತಾರೆ.

ಉದ್ಘಾಟನೆಯ ಮೂರು ಪುಟ ತೆಗೆದುಹಾಕಿ. ಕೊನೆಯ ಎರಡು ಪುಟದ ಮೂವತ್ತೊಂದು ಹೆಸರುಗಳನ್ನೂ, ‘ಮುದ್ರಣ ರಂಗದ ಭೀಷ್ಮ’ರನ್ನೂ ಬಿಡಿ. ಅವರೆಲ್ಲ ದೊಡ್ಡವರೇ ಇರಬಹುದು, ಓದುಗರಿಗೆ ಒಬ್ಬರ ಮುಖವೂ ಕಾಣುತ್ತಿಲ್ಲ. ಮೂವರು ಸಾಕು: ಮೊಳೆ ಕೊಟ್ಟವರು, ಕಾಗದ ಉದ್ದರಿ ಕೊಟ್ಟು ಕಾದವರು, ಬೈಂಡರು. ಕಾಗದದವರ ಬಗ್ಗೆ ‘ಸಹಕರಿಸಿದರು’ ಅಂತಷ್ಟೇ ಇದೆ. ಎಷ್ಟು ದಿನದ ಉದ್ದರಿ? ನೋಟು ರದ್ದಾದ 2016ರ ನವೆಂಬರಿನಲ್ಲಿ, ಲಾಕ್‌ಡೌನಿನಿಂದ ಮದುವೆಗಳು ಮುಂದೆ ಹೋಗಿ ಲಗ್ನಪತ್ರಿಕೆಯ ಕೆಲಸ ಕುಸಿದ 2020ರ ಏಪ್ರಿಲ್-ಮೇ ತಿಂಗಳಲ್ಲಿ ಆ ಬಾಕಿ ಏನಾಯಿತು? ಬೈಂಡರಂತೂ ಕೊನೆಯ ಗಳಿಗೆಯ ಮನುಷ್ಯ. ಸಂಜೆ ಬಿಡುಗಡೆ ಸಮಾರಂಭ, ಮಳೆಗಾಲದ ಥಂಡಿಗೆ ಅಂಟು ಆರಿಲ್ಲ, ಪ್ರೆಸ್ಸಿಂಗಿನಿಂದ ಬೇಗ ತೆಗೆದರೆ ರಟ್ಟು ಬಾಗುತ್ತದೆ. ಅಂಥ ಹೊತ್ತಿನಲ್ಲಿ ‘ಆಗಲ್ಲ ಸಾರ್’ ಎಂದು ಹೇಳಬಲ್ಲವನೇ ಗೆಳೆಯ.

ಎರಡು ಕಡೆ ನೀವು ಮುಖ ತಿರುಗಿಸಿಕೊಂಡಿದ್ದೀರಿ. ಅಣ್ಣನಿಂದ ‘ಕಾರಣಾಂತರಗಳಿಂದ’ ಬೇರೆಯಾದಿರಿ. ಕಾರಣ ಬರೆಯಲೇಬೇಕೆಂದಿಲ್ಲ, ಅದು ನಿಮ್ಮ ಮನೆಯ ಮಾತು. ಆದರೆ ಮಷೀನು ಯಾರ ಪಾಲಿಗೆ, ಬೋರ್ಡಿನ ಹೆಸರು ಯಾರಿಗೆ, ಬರಬೇಕಾದ ಬಾಕಿ ಯಾರಿಗೆ ಎಂದು ಹೇಳಬಹುದಲ್ಲ? ಬರೆದದ್ದನ್ನು ಅಣ್ಣನಿಗೆ ಓದಿಸಿಯೇ ಕಳಿಸಿ. ಇನ್ನೊಂದು, ಕಂಪ್ಯೂಟರಿನಲ್ಲೇ ಪುಟ ಜೋಡಿಸುವ ಡಿಟಿಪಿ ಬಂದ ಮೇಲೆ, ಕೈಯಿಂದ ಮೊಳೆ ಜೋಡಿಸುತ್ತಿದ್ದ ನಿಮ್ಮ ಕಂಪೋಸಿಟರುಗಳು ಏನಾದರು? ಒಂಬತ್ತನೇ ಪುಟದವರೆಗೆ ಸ್ಟಿಕ್ ಹಿಡಿದು ನಿಂತಿದ್ದವರು ಹತ್ತನೇ ಪುಟದಲ್ಲಿ ಕಾಣೆಯಾಗಿದ್ದಾರೆ. ಯಾರಾದರೂ ಕೀಬೋರ್ಡು ಕಲಿತರೇ? ಯಾರನ್ನಾದರೂ ಮನೆಗೆ ಕಳಿಸಬೇಕಾಯಿತೇ? ಕೇಸುಗಳಲ್ಲಿದ್ದ ಮೊಳೆ ಗುಜರಿಗೆ ಕಿಲೋ ಲೆಕ್ಕದಲ್ಲಿ ಹೋಯಿತೇ? ಇದನ್ನು ಬರೆಯುವುದು ನಿಮಗೆ ಕಷ್ಟವಾದೀತು ಎಂದು ಬಲ್ಲೆವು. ಆದರೂ ಕೇಳುತ್ತಿದ್ದೇವೆ, ಏಕೆಂದರೆ ಆ ಕೈಗಳಿಲ್ಲದೆ ನಿಮ್ಮ ಪ್ರೆಸ್ಸಿನ ಕತೆ ಅರ್ಧವೇ.

ಸಾವಿರದ ಇನ್ನೂರು ಪದಗಳಲ್ಲಿ ಹೊಸದಾಗಿ ಬರೆಯಿರಿ, ಹಳೆಯದನ್ನು ತಿದ್ದಲು ಹೋಗಬೇಡಿ. ಕೂರುವ ಮುಂಚೆ ಹಳೆಯ ದಿನದ ಲೆಕ್ಕದ ರೋಜು ಪುಸ್ತಕ ತೆಗೆದು ಆ ಕಾದಂಬರಿಯ ತಿಂಗಳನ್ನು ಹುಡುಕಿ. ಮೊಳೆ ಕೇಳಿದ ಆ ಚೀಟಿ ನಿಮ್ಮ ಮನೆಯಲ್ಲೋ ಮೊಳೆ ಕೊಟ್ಟವರ ಮನೆಯಲ್ಲೋ ಉಳಿದಿದ್ದರೆ ಅದರ ಫೋಟೋ ತೆಗೆದು ಕಳಿಸಿ. ಹರಿದಿದ್ದರೂ ಪರವಾಗಿಲ್ಲ, ಎಷ್ಟು ಮೊಳೆ ಎಂದು ಓದಲು ಬಂದರೆ ಸಾಕು.