ಸಾಲಕ್ಕೆ ಸಹಿ ಇದೆ, ಕ್ರಯಪತ್ರದಲ್ಲಿ ಹೆಸರಿಲ್ಲ: ಒಂದು ಆಪ್ತಸಲಹೆ ಪ್ರಕರಣ

ಮಣಿಪಾಲದ ಬದಿಯ ಬಡಾವಣೆಯೊಂದರಲ್ಲಿ ಬಾಡಿಗೆ ಮನೆಯಲ್ಲಿರುವ 36 ವರ್ಷದ ಉಪನ್ಯಾಸಕಿಯೊಬ್ಬರನ್ನು ಅವರ ಕುಟುಂಬ ವೈದ್ಯರು ನನ್ನಲ್ಲಿಗೆ ಕಳುಹಿಸಿದ್ದರು. ತಿಂಗಳುಗಳಿಂದ ಅವರಿಗೆ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ, ಸಂಜೆಯ ಹೊತ್ತಿಗೆ ತಲೆನೋವು ಶುರುವಾಗುತ್ತಿತ್ತು, ತರಗತಿಯಲ್ಲಿ ಎಂದೂ ಏರದ ದನಿ ಮನೆಯಲ್ಲಿ ಮಕ್ಕಳ ಮೇಲೆ ಏರುತ್ತಿತ್ತು. ರಕ್ತಪರೀಕ್ಷೆಯಲ್ಲಾಗಲಿ ರಕ್ತದೊತ್ತಡದಲ್ಲಾಗಲಿ ಹೇಳುವಂಥ ದೋಷ ಕಂಡಿರಲಿಲ್ಲ. ಪತಿ ಕತಾರಿನ ಕಂಪೆನಿಯೊಂದರಲ್ಲಿ ಮೇಲ್ವಿಚಾರಕರು, ವರ್ಷಕ್ಕೊಮ್ಮೆ ರಜೆಯಲ್ಲಿ ಊರಿಗೆ ಬರುತ್ತಾರೆ. ಮಗ ಏಳನೇ ತರಗತಿ, ಮಗಳು ಮೂರನೇ ತರಗತಿ. ಪತಿಯ ತಾಯಿ, 68 ವರ್ಷದವರು, ಹಿರಿಯಡ್ಕದ ಕಡೆಯ ಹಳ್ಳಿಯ ಹಂಚಿನ ಮನೆಯಲ್ಲಿ ಒಬ್ಬರೇ ಇದ್ದಾರೆ. ಎಲ್ಲರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಹಿಡಿಯಬಹುದಾದ ವಿವರಗಳನ್ನು ಬದಲಿಸಿದ್ದೇನೆ, ಹಣದ ಅಂಕಿಗಳನ್ನೂ ತುಸು ಹೆಚ್ಚುಕಡಿಮೆ ಮಾಡಿದ್ದೇನೆ.

ಮೊದಲ ಭೇಟಿಯಲ್ಲಿ ಅವರು ಮಾತನಾಡಿದ್ದೆಲ್ಲ ಮಗನ ಬಗ್ಗೆಯೇ. ಅವನು ಅಪ್ಪನ ಫೋನ್ ಬಂದರೆ ಎದ್ದು ಕೋಣೆಗೆ ಹೋಗುತ್ತಾನೆ, ಕರೆದರೆ "ಹೋಂವರ್ಕ್ ಉಂಟು" ಎನ್ನುತ್ತಾನೆ. ಮನೆ ಖರೀದಿಯ ಮಾತು ಬಂದದ್ದು ಎದ್ದು ಹೊರಡುವ ಹೊತ್ತಿಗೆ, ಅದೂ ನಡುವೆ ಬಂದ ಸಣ್ಣ ಸಂಗತಿಯಂತೆ. "ಒಂದು ಫ್ಲ್ಯಾಟಿಗೆ ಅಡ್ವಾನ್ಸ್ ಕೊಟ್ಟಿದ್ದೇವೆ ಮೇಡಂ, ಅದರ ತಲೆಬಿಸಿ ಬೇರೆ." ಎಷ್ಟು ಕೊಟ್ಟಿದ್ದೀರಿ ಎಂದು ಕೇಳಿದಾಗ ಅವರು ಚೀಲದಿಂದ ಕನ್ನಡಕದ ಪೆಟ್ಟಿಗೆ ತೆಗೆದು, ಅದರೊಳಗೆ ನಾಲ್ಕಾಗಿ ಮಡಿಸಿಟ್ಟಿದ್ದ ಸೊಸೈಟಿಯ ಚೀಟಿಯನ್ನು ಬಿಡಿಸಿ ತೋರಿಸಿದರು. 14 ಪವನು ಚಿನ್ನ ಅಡವಿಟ್ಟ ಚೀಟಿ. ಆ ಚಿನ್ನದಲ್ಲಿ ಹೆಚ್ಚಿನದು ತವರಿನಿಂದ ಬಂದದ್ದು. ಅಡವಿಟ್ಟ ಸಂಗತಿ ತವರಿನಲ್ಲಿ ಯಾರಿಗೂ ತಿಳಿಯದು. ಕಳೆದ ಮದುವೆಯೊಂದಕ್ಕೆ "ಲಾಕರ್ ಕೀ ಸಿಗಲಿಲ್ಲ" ಎಂದು ಹೇಳಿ ಕರಿಮಣಿಯೊಂದರಲ್ಲೇ ಹೋಗಿ ಬಂದಿದ್ದರು.

ನಿದ್ದೆ ಕೆಡುವುದಕ್ಕೆ ಸಾಲ ಒಂದೇ ಸಾಲದು ಎಂಬುದು ನನ್ನ ಅನುಭವ. ಸಾಲ ಮಾಡಿದವರೆಲ್ಲ ನಿದ್ದೆಗೆಟ್ಟು ಕೂರುವುದಿಲ್ಲ. ಯಾರೊಡನೆಯೂ ಹೇಳಿಕೊಳ್ಳಲಾಗದ ಲೆಕ್ಕವನ್ನು ಒಬ್ಬರೇ ಹೊತ್ತಾಗ ಮಾತ್ರ ದೇಹ ಹೀಗೆ ಹಟ ಹಿಡಿಯುತ್ತದೆ. ಆದ್ದರಿಂದ ಮುಂದಿನ ಭೇಟಿಯಲ್ಲಿ ಮಗನ ವಿಷಯವನ್ನು ಸ್ವಲ್ಪ ಬದಿಗಿಟ್ಟು ಫ್ಲ್ಯಾಟಿನ ಕತೆಯನ್ನೇ ಮೊದಲಿನಿಂದ ಕೇಳಿದೆ.

ಇನ್ನೂ ಕಟ್ಟುತ್ತಿರುವ ಕಟ್ಟಡದ ಎರಡು ಮಲಗುವ ಕೋಣೆಗಳ ಫ್ಲ್ಯಾಟ್ ಅದು. ಬೆಲೆ 58 ಲಕ್ಷ. ಪತಿ ಕಳೆದ ರಜೆಯಲ್ಲಿ ಬಂದಾಗ ಸ್ನೇಹಿತರೊಡನೆ ಹೋಗಿ ನೋಡಿ, ಆ ವಾರವೇ ಐದು ಲಕ್ಷ ಕೊಟ್ಟಿದ್ದರು. ಪತ್ನಿ ಕಟ್ಟಡದೊಳಗೆ ಕಾಲಿಟ್ಟದ್ದು ಹಣ ಕೊಟ್ಟ ಮೇಲೆ. ಖರೀದಿಯ ಕಾಗದಪತ್ರಗಳಿಗೆ ಸಹಿ ಹಾಕುವ ಅಧಿಕಾರವನ್ನು, ಅಂದರೆ ಪವರ್ ಆಫ್ ಅಟಾರ್ನಿಯನ್ನು, ಪತಿ ತನ್ನ ಅಕ್ಕನ ಗಂಡನಿಗೆ ಬರೆದುಕೊಡುವವರಿದ್ದರು. ಬ್ಯಾಂಕಿನವರು ಮಾತ್ರ, ಸಾಲ ಪಡೆಯುವವರು ವಿದೇಶದಲ್ಲಿರುವುದರಿಂದ, ಊರಿನಲ್ಲಿ ಸಂಬಳವಿರುವ ಪತ್ನಿ ಸಹಸಾಲಗಾರರಾಗಿ ಸಹಿ ಹಾಕಬೇಕೆಂದಿದ್ದರು. ಹೀಗೆ ಸಾಲದ ಹೊಣೆಗೆ ಅವರ ಸಹಿ, ಕ್ರಯಪತ್ರದಲ್ಲಿ ಪತಿಯೊಬ್ಬರ ಹೆಸರು, ವ್ಯವಹಾರ ನಡೆಸಲು ಭಾವ. ಇದನ್ನು ಹೇಳುವಾಗ ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. "ನನ್ನನ್ನು ಕೇಳಿದರೆ ಬೇಡ ಅಂತ ಹೇಳುತ್ತಿರಲಿಲ್ಲ. ಕೇಳಲೇ ಇಲ್ಲ," ಎಂದರು.

ಪತಿಯೊಡನೆ ಶುಕ್ರವಾರ, ಅವರ ರಜೆಯ ದಿನ, ವಿಡಿಯೊ ಕರೆಯಲ್ಲಿ ಮಾತನಾಡಿದೆ. ಮೊದಲು ಒಬ್ಬರೊಡನೆಯೇ. ಅವರನ್ನು ದಬ್ಬಾಳಿಕೆಯ ಗಂಡಸು ಎಂದು ಯಾರೂ ಹೇಳಲಾರರು. ಕಾಲೇಜು, ಮಕ್ಕಳು, ಅಡುಗೆ ಇವುಗಳ ನಡುವೆ ಸಬ್‌ರಿಜಿಸ್ಟ್ರಾರ್ ಕಚೇರಿಯ ಓಡಾಟವನ್ನೂ ಹೆಂಡತಿಯ ತಲೆಗೆ ಕಟ್ಟಬಾರದೆಂದೇ ಭಾವನಿಗೆ ಒಪ್ಪಿಸಿದ್ದೆ ಎಂದರು, ಆ ಮಾತು ನಿಜವಾಗಿತ್ತು. ಆದರೆ ಇನ್ನೂ ಎರಡು ಸಂಗತಿಗಳು ಅವರ ಎದೆಯಲ್ಲಿದ್ದವು. ಮುಂಗಡದ ಒಂದು ಭಾಗಕ್ಕೆ ಅವರು ಅಲ್ಲಿಯೇ ವೈಯಕ್ತಿಕ ಸಾಲ ಮಾಡಿದ್ದರು. ಊರಿಗೆ ಕಳುಹಿಸುವ ಹಣ 70 ಸಾವಿರದಿಂದ 55 ಸಾವಿರಕ್ಕೆ ಇಳಿದದ್ದಕ್ಕೆ ಮನೆಯಲ್ಲಿ ಹೇಳಿದ್ದ "ಓವರ್‌ಟೈಮ್ ಕಡಿಮೆಯಾಗಿದೆ" ಎಂಬ ಕಾರಣ ಸುಳ್ಳು. ಎರಡನೆಯದು, ಎರಡು ವರ್ಷಕ್ಕೊಮ್ಮೆ ನವೀಕರಣಗೊಳ್ಳುವ ಅವರ ಒಪ್ಪಂದ ಈ ಸಲ ನವೀಕರಣವಾಗುತ್ತದೆಂಬ ಖಾತ್ರಿ ಇರಲಿಲ್ಲ. "ಇದನ್ನೆಲ್ಲ ಹೇಳಿ ಅವಳನ್ನು ಯಾಕೆ ಹೆದರಿಸುವುದು?" ಎಂದು ಕೇಳಿದರು. ಅವಳು ಈಗಾಗಲೇ ಹೆದರಿದ್ದಾಳೆ, ಯಾವುದಕ್ಕೆ ಹೆದರಬೇಕೆಂದು ತಿಳಿಯದೆ ಎಲ್ಲದಕ್ಕೂ ಹೆದರುತ್ತಿದ್ದಾಳೆ ಎಂದು ನಾನು ಉತ್ತರಿಸಿದೆ.

ಮುಂದಿನ ಶುಕ್ರವಾರ ಇಬ್ಬರೂ ಒಟ್ಟಿಗೆ, ಒಬ್ಬರು ನನ್ನೆದುರು, ಒಬ್ಬರು ಪರದೆಯಲ್ಲಿ. ಭಾವನೆಗಳ ಮಾತನ್ನು ಆ ದಿನ ನಾನು ಬೇಕೆಂದೇ ತಡೆದೆ. ಒಂದು ಹಾಳೆಯಲ್ಲಿ ಪತ್ನಿ ಬರೆಯುವುದು, ಬರೆದದ್ದನ್ನು ಪತಿಗೆ ಗಟ್ಟಿಯಾಗಿ ಓದಿ ಹೇಳುವುದು, ಅಷ್ಟೆ. ಇಷ್ಟು ಬೆಲೆಯ ಮನೆಗೆ ಬ್ಯಾಂಕು ಹೆಚ್ಚೆಂದರೆ ಶೇ. 80ರಷ್ಟು ಸಾಲ ಕೊಡಬಹುದು, ಅಂದರೆ ಸುಮಾರು 46 ಲಕ್ಷ. ಉಳಿದದ್ದು ಕೈಯಿಂದ, ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಸಾಲದ ಲೆಕ್ಕಕ್ಕೆ ಸೇರದೆ ಅದರ ಮೇಲೆ. ಶೇ. 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ತಿಂಗಳ ಕಂತು ಸುಮಾರು 40 ಸಾವಿರ, ಕಟ್ಟಿ ಮುಗಿಸುವಾಗ ಒಟ್ಟು ಸುಮಾರು 96 ಲಕ್ಷ. ಪತಿಗೆ ಈಗ 42, ಕೊನೆಯ ಕಂತಿಗೆ 62. ಕಟ್ಟಡ ಮುಗಿಯುವವರೆಗೆ ಬ್ಯಾಂಕು ಬಿಡುಗಡೆ ಮಾಡಿದಷ್ಟು ಹಣಕ್ಕೆ ಬಡ್ಡಿಯೂ ಬೇಕು, ಈಗಿನ ಮನೆಯ 13 ಸಾವಿರ ಬಾಡಿಗೆಯೂ ಬೇಕು. ಅದರ ಕೆಳಗೆ ಸೊಸೈಟಿಯ ಚಿನ್ನದ ಸಾಲ. ಅದರ ಕೆಳಗೆ, ಬಹಳ ಹೊತ್ತಿನ ಮೌನದ ನಂತರ ಪತಿ ತಾವಾಗಿ ಹೇಳಿ ಬರೆಸಿದ, ಅಲ್ಲಿನ ವೈಯಕ್ತಿಕ ಸಾಲ. ಪತ್ನಿ ಆ ಅಂಕಿಯನ್ನು ಬರೆದು, ಪೆನ್ನು ಕೆಳಗಿಟ್ಟು, "ಓವರ್‌ಟೈಮ್ ಅಂದದ್ದು ಇದಾ?" ಎಂದಷ್ಟೇ ಕೇಳಿದರು. ಅದಾದ ಮೇಲೆ ಒಪ್ಪಂದದ ವಿಷಯ ಹೇಳುವುದು ಪತಿಗೆ ಅಷ್ಟು ಕಷ್ಟವಾಗಲಿಲ್ಲ.

ಆ ಹಾಳೆಯಲ್ಲಿ ಒಂದು ಸಾಲು ಮಾತ್ರ ಅಂಕಿಯಿಲ್ಲದೆ ಉಳಿದಿತ್ತು: ಅಮ್ಮನ ಜಾಗ. ಹಳ್ಳಿಯ ಜಾಗದಿಂದ ಮಾರ್ಗದ ಬದಿಯ 15 ಸೆಂಟ್ಸ್ ಅನ್ನು ತಾಯಿ ಮಗನಿಗೆ ದಾನಪತ್ರ ಮಾಡಿಕೊಡುವುದು, ಅದನ್ನು ಮಾರಿ ಕೈಯಿಂದ ಕೊಡಬೇಕಾದ ಹಣ ಹೊಂದಿಸುವುದು, ತಾಯಿ ಫ್ಲ್ಯಾಟಿಗೆ ಬಂದಿರುವುದು ಎಂಬುದು ಪತಿಯ ಯೋಜನೆ. ಹಿರಿಯಡ್ಕ, ಪರ್ಕಳದ ಕಡೆ ಹೆದ್ದಾರಿಯ ಬದಿ ಜಾಗ ಕೈಗೆ ಸಿಗುವ ಹಾಗಿಲ್ಲ ಎಂದು ಯಾರೋ ದಲ್ಲಾಳಿ ಆಸೆ ಹುಟ್ಟಿಸಿದ್ದ.

ತಾಯಿಯನ್ನು ಸೊಸೆ ಬೇರೊಂದು ದಿನ ಕರೆತಂದರು, ನಾನು ಅವರೊಡನೆ ಒಬ್ಬರೇ ಮಾತನಾಡಬೇಕೆಂದಾಗ ಸಂತೋಷದಿಂದಲೇ ಹೊರಗೆ ಕುಳಿತರು. ತುಳುವಿನಲ್ಲಿ ನಿಧಾನವಾಗಿ ಮಾತನಾಡುವ ಹೆಂಗಸು. ಕಾಗದಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದರು, ಯಾರೂ ತರಲು ಹೇಳಿರಲಿಲ್ಲ. ಪಹಣಿ ಅವರ ಹೆಸರಿನಲ್ಲಿತ್ತು. ತಾಯಿಮನೆಯ ಕುಟುಂಬದ ಪಾಲುಪಟ್ಟಿಯಲ್ಲಿ ಅವರ ಪಾಲಿಗೆ ಬಂದ ಜಾಗ ಅದು. ಅಳಿಯಸಂತಾನದ ಮನೆಗಳಲ್ಲಿ ಹೆಣ್ಣಿನ ಕಡೆಯಿಂದ ಬಂದ ಆಸ್ತಿಯನ್ನು ಇಂದಿನ ಗಂಡುಮಕ್ಕಳು "ನಮ್ಮ ಜಾಗ" ಎಂದು ಸಲೀಸಾಗಿ ಹೇಳುವುದನ್ನು ನಾನು ಮತ್ತೆ ಮತ್ತೆ ಕೇಳುತ್ತೇನೆ, ಪ್ರತಿ ಸಲವೂ ಅದು ನನ್ನನ್ನು ಬೇಸರಪಡಿಸುತ್ತದೆ. ಇನ್ನೊಂದು ತೊಡಕೂ ಇತ್ತು. ಮಗ ಎಣಿಸಿದ್ದ ಮಾರ್ಗದ ಬದಿಯ ತುಂಡಿನಲ್ಲಿ ಒಂದಷ್ಟು ವರ್ಗ ಜಾಗವಲ್ಲ, ಅಂದರೆ ಸ್ವಂತ ಹಕ್ಕಿನ ಪಟ್ಟಾ ಜಾಗವಲ್ಲ, ಕುಮ್ಕಿ. ಕುಮ್ಕಿ ಸರಕಾರದ ಭೂಮಿ; ಪಕ್ಕದ ವರ್ಗದಾರರಿಗೆ ಅದರಲ್ಲಿ ಸೊಪ್ಪು, ಸೌದೆಯಂಥ ಸೌಲಭ್ಯಗಳಿವೆಯೇ ಹೊರತು ಮಾರುವ ಹಕ್ಕಿಲ್ಲ. ತಾಯಿಗೆ ಇದು ಚೆನ್ನಾಗಿ ಗೊತ್ತಿತ್ತು. ಮಗನಿಗೆ ಹೇಳಿದಿರಾ ಎಂದರೆ, "ಅವನು ಕೇಳಿದ್ದು ಸಹಿ, ಜಾಗದ ವಿಷಯ ಕೇಳಲಿಲ್ಲ," ಎಂದರು. ಕೊನೆಗೆ, ಉಳಿದ ವರ್ಗ ಜಾಗದಲ್ಲಿ ಹತ್ತು ಸೆಂಟ್ಸ್ ಮಗಳಿಗೆಂದು ಎರಡು ವರ್ಷದ ಹಿಂದೆಯೇ ಮಾತು ಕೊಟ್ಟದ್ದನ್ನೂ ಹೇಳಿದರು. ಮಗ ದೂರದಲ್ಲಿದ್ದಾನೆ, ನೊಂದುಕೊಳ್ಳುತ್ತಾನೆಂದು ಮುಚ್ಚಿಟ್ಟಿದ್ದರು.

ಇಲ್ಲಿಗೆ ನನಗೆ ಈ ಪ್ರಕರಣ ಸ್ಪಷ್ಟವಾಯಿತು. ಒಬ್ಬರ ಮೇಲೊಬ್ಬರಿಗೆ ಪ್ರೀತಿ ಕಡಿಮೆಯಾಗಿ ಈ ಮನೆ ಇಕ್ಕಟ್ಟಿಗೆ ಬಂದಿರಲಿಲ್ಲ. ಮೂವರೂ ಇನ್ನೊಬ್ಬರಿಗೆ ನೋವಾಗಬಾರದೆಂದು ತಮ್ಮ ತಮ್ಮ ಲೆಕ್ಕವನ್ನು ಮುಚ್ಚಿಟ್ಟು, ಒಬ್ಬರಿಗೂ ಪೂರ್ತಿ ಗೊತ್ತಿಲ್ಲದ ಮೊತ್ತಕ್ಕೆ ಇಡೀ ಮನೆಯನ್ನು ಒಡ್ಡಿದ್ದರು. ಹುಡುಗ ಅಪ್ಪನ ಫೋನಿನಿಂದ ತಪ್ಪಿಸಿಕೊಳ್ಳುತ್ತಿದ್ದುದೂ ಇದರಿಂದಲೇ. ರಾತ್ರಿ ಫೋನಿನಲ್ಲಿ "ಚಿನ್ನ", "ಸಾಲ", "ನಿಮ್ಮ ಅಮ್ಮ" ಎಂಬ ಮಾತುಗಳು ಗೋಡೆಯಾಚೆ ಅವನ ಕಿವಿಗೆ ಬೀಳುತ್ತಿದ್ದವು, ಉಳಿದದ್ದನ್ನು ಅವನು ಊಹಿಸಿಕೊಂಡಿದ್ದ.

ನಾನು ಕೊಟ್ಟ ಸಲಹೆಗಳಲ್ಲಿ ತುರ್ತಿನದು ಹಣಕ್ಕೆ ಸಂಬಂಧಿಸಿದ್ದು. ಕಟ್ಟುವವರು ಆ ತಿಂಗಳೊಳಗೆ ಇನ್ನೂ ಆರು ಲಕ್ಷ ಕೇಳಿದ್ದರು, ನೋಂದಾಯಿತ ಕರಾರುಪತ್ರ ಇನ್ನೂ ಆಗಿರಲಿಲ್ಲ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 13ನೇ ಕಲಮಿನ ಪ್ರಕಾರ ಮಾರಾಟದ ಕರಾರನ್ನು ನೋಂದಾಯಿಸದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ. ಇಲ್ಲಿ ಆ ಮಿತಿ 5.8 ಲಕ್ಷ. ಆದ್ದರಿಂದ ಒಂದು ರೂಪಾಯಿಯನ್ನೂ ಮುಂದೆ ಕೊಡದೆ, ಕಾಗದಗಳನ್ನೆಲ್ಲ ಉಡುಪಿಯ ವಕೀಲರೊಬ್ಬರಿಗೆ ತೋರಿಸಿ, ಯೋಜನೆ ರೇರಾದಲ್ಲಿ ನೋಂದಣಿಯಾಗಿದೆಯೇ, ಕರಡು ಕರಾರಿನಲ್ಲಿ ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ಬಳಕೆಗೆ ಸಿಗುವ ಜಾಗ, ಎಷ್ಟಿದೆ ಎಂದು ಕೇಳಲು ಹೇಳಿದೆ. ಕರಪತ್ರದಲ್ಲಿ 1,180 ಚದರ ಅಡಿ ಎಂದಿದ್ದುದು ಮೆಟ್ಟಿಲು, ಲಿಫ್ಟಿನಂಥ ಸಾಮಾನ್ಯ ಜಾಗದ ಪಾಲೂ ಸೇರಿದ ಸೂಪರ್ ಬಿಲ್ಟ್‌ಅಪ್. ಒಳಗೆ ಕಾಲಿಡಲು ಸಿಗುವುದು ಅದರಲ್ಲಿ ಮೂರರಲ್ಲಿ ಎರಡು ಪಾಲಿನ ಆಸುಪಾಸು ಎಂದು ವಕೀಲರು ತೋರಿಸಿಕೊಟ್ಟರು. ಬೇಸಗೆಯಲ್ಲಿ ಊರಿಗೆ ನೀರು ಕೊಡುವ ಬಜೆ ಅಣೆಕಟ್ಟಿನ ನೀರು ಇಳಿದಾಗ ಆ ಕಟ್ಟಡಕ್ಕೆ ಟ್ಯಾಂಕರ್ ಎಲ್ಲಿಂದ, ಅದರ ಖರ್ಚು ಯಾರದು ಎಂಬುದನ್ನೂ ಕೇಳಿ ಎಂದೆ. ತಿಂಗಳ ನಿರ್ವಹಣಾ ಶುಲ್ಕ ಹೆಚ್ಚಾಗಿ ಯಾರ ಹಾಳೆಯಲ್ಲೂ ಇರುವುದಿಲ್ಲ, ಇವರ ಹಾಳೆಯಲ್ಲೂ ಇರಲಿಲ್ಲ.

ಸಹಿಯ ವಿಷಯದಲ್ಲಿ ನಾನು ಪತಿಗೆ ನೇರವಾಗಿ ಹೇಳಿದೆ. ಸಹಸಾಲಗಾರರೆಂದರೆ ಸಾಕ್ಷಿಯಲ್ಲ, ನಿಮ್ಮ ಕೆಲಸ ಹೋದರೆ ಬ್ಯಾಂಕು ಪೂರ್ತಿ ಸಾಲವನ್ನು ಅವರಿಂದಲೇ ಕೇಳಬಹುದು. ಹೊಣೆಯಲ್ಲಿ ಅರ್ಧವಲ್ಲ, ಪೂರ್ತಿ ಪಾಲಿರುವವರ ಹೆಸರು ಕ್ರಯಪತ್ರದಲ್ಲಿ ಇಲ್ಲದಿರುವುದು ಸರಿಯಲ್ಲ. ಇಬ್ಬರ ಹೆಸರಿನಲ್ಲೂ ಕ್ರಯವಾಗಲಿ, ಪವರ್ ಆಫ್ ಅಟಾರ್ನಿ ಪತ್ನಿಯ ಹೆಸರಿಗಿರಲಿ, ಓಡಾಟಕ್ಕೆ ಭಾವ ಜೊತೆಗೆ ಹೋಗಲಿ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಭಾವನಿಗೆ ಬೇಸರವಾಗುತ್ತದಲ್ಲ" ಎಂದರು. ಆಗಬಹುದು, ಆದರೆ ಆ ಬೇಸರ ಒಂದು ಊಟದಲ್ಲಿ ಮುಗಿಯುವಂಥದ್ದು ಎಂದೆ.

ದಾನಪತ್ರದ ಮಾತನ್ನು ಪೂರ್ತಿ ಕೈಬಿಡಬೇಕೆಂದು ಒತ್ತಿ ಹೇಳಿದೆ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮು, ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ಆ ಷರತ್ತು ಮುರಿದರೆ ರದ್ದುಪಡಿಸಲು ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯ ನ್ಯಾಯಮಂಡಳಿಗೆ ಅವಕಾಶ ಕೊಡುತ್ತದೆ ನಿಜ. ಆದರೆ ಷರತ್ತು ಪತ್ರದಲ್ಲಿ ಬರೆದಿಲ್ಲದಿದ್ದರೆ ಹಿರಿಯರ ಕೈ ಬಹಳ ದುರ್ಬಲವಾಗುತ್ತದೆ, ಬರೆದಿದ್ದರೂ 70 ದಾಟಿದ ತಾಯಿ ಮಗನ ಮೇಲೆ ಅರ್ಜಿ ಹಾಕುವ ದಿನ ಯಾವ ಮನೆಗೂ ಬರಬಾರದು. ತಾಯಿ ತಾವಾಗಿ ಕೊಡುವುದಾದರೆ ಅದು ಮಗಳೂ ಕುಳಿತಿರುವ ಮಾತುಕತೆಯಲ್ಲಿ ತೀರ್ಮಾನವಾಗಲಿ.

ತಾಯಿ ಫ್ಲ್ಯಾಟಿಗೆ ಬರುವ ಪ್ರಶ್ನೆಗೆ ಉತ್ತರ ಅವರೇ ಕೊಟ್ಟರು. ಮಳೆಗಾಲದ ನಾಲ್ಕು ತಿಂಗಳು ಒಬ್ಬರೇ ಇರುವುದು ಕಷ್ಟ, ಕರೆಂಟು ಹೋದರೆ ಎರಡು ದಿನ ಬರುವುದಿಲ್ಲ, ಆಗ ಮೊಮ್ಮಕ್ಕಳ ಜೊತೆ ಇರಲು ಇಷ್ಟವೇ. ಉಳಿದ ಕಾಲ ತಮ್ಮ ಮನೆ, ತಮ್ಮ ತೋಟ, ದೈವಕ್ಕೆ ಇಡುವ ದೀಪ. ಬಾಡಿಗೆ ಮನೆಗೇ ಈ ಮಳೆಗಾಲ ಬರಬಹುದಲ್ಲ ಎಂದು ಸೊಸೆ ಕೇಳಿದಾಗ ಅವರು ಒಪ್ಪಿದರು. ಅದಕ್ಕೆ 58 ಲಕ್ಷ ಬೇಕಾಗಿರಲಿಲ್ಲ.

ಮಗನಿಗೆ ಇಬ್ಬರೂ ಒಟ್ಟಿಗೆ, ಅವನ ವಯಸ್ಸಿಗೆ ತಕ್ಕಷ್ಟು ವಿಷಯ ಹೇಳಿದರು. ಅವನು ಕೇಳಿದ ಮೊದಲ ಪ್ರಶ್ನೆ, ಶಾಲೆ ಬದಲಾಗುತ್ತದೆಯೇ ಎಂಬುದು. ಇಲ್ಲ ಎಂದಾಗ ಅಪ್ಪನಿಗೆ ಕ್ರಿಕೆಟ್ ತಂಡದ ಸುದ್ದಿ ಹೇಳತೊಡಗಿದನಂತೆ.

ಆ ಫ್ಲ್ಯಾಟನ್ನು ಅವರು ಕೊಳ್ಳಲಿಲ್ಲ. ವಕೀಲರ ಪತ್ರದ ನಂತರ ಮುಂಗಡದ ಹೆಚ್ಚಿನ ಪಾಲು ಹಿಂದೆ ಬಂತು, ಸ್ವಲ್ಪ ಹೋಯಿತು. ಬಂದ ಹಣದಿಂದ ಮೊದಲು ಚಿನ್ನವನ್ನು ಬಿಡಿಸಿಕೊಳ್ಳಬೇಕೆಂದು ಪತಿಯೇ ಹೇಳಿದರು. ಪತಿಯ ಒಪ್ಪಂದ ನವೀಕರಣವಾದರೆ, ಆರು ತಿಂಗಳ ಕಂತಿನಷ್ಟು ಹಣ ಬ್ಯಾಂಕಿನಲ್ಲಿ ಕೂಡಿದ ಮೇಲೆ, 30 ಲಕ್ಷ ಮೀರದ ಸಾಲದಲ್ಲಿ ಸಿಗುವ ಮನೆಯನ್ನು ಇಬ್ಬರೂ ಒಟ್ಟಿಗೆ ನೋಡುವುದೆಂದು ಬರೆದಿಟ್ಟುಕೊಂಡಿದ್ದಾರೆ. ಪತ್ನಿಗೆ ಈಗ ಹೆಚ್ಚಿನ ರಾತ್ರಿಗಳಲ್ಲಿ ನಿದ್ದೆ ಬರುತ್ತದೆ. ತಲೆನೋವು ಪೂರ್ತಿ ಹೋಗಿಲ್ಲ, ಅದಕ್ಕೆ ಭೇಟಿಗಳು ಮುಂದುವರಿದಿವೆ.

ಮಗಳಿಗೆ ಕೊಟ್ಟ ಹತ್ತು ಸೆಂಟ್ಸ್ ಮಾತನ್ನು ತಾಯಿ ಮಗನಿಗೆ ಹೇಳಿದ್ದಾರೆ. ಮಗನಿಗೆ ಬೇಸರವಾಗಿದೆ, ಅದನ್ನು ಅವರು ಬಚ್ಚಿಟ್ಟಿಲ್ಲ. ಉಯಿಲು ಬರೆಯಬೇಕೆಂದು ತಾಯಿಗೆ ಈಗ ಮನಸ್ಸಾಗಿದೆ. ಮಗ, ಮಗಳು, ಅಳಿಯ ಯಾರನ್ನೂ ಜೊತೆಗೆ ಕರೆದುಕೊಳ್ಳದೆ, ಪ್ಲಾಸ್ಟಿಕ್ ಕವರಿನ ಕಾಗದಗಳ ಸಮೇತ ಒಬ್ಬರೇ ವಕೀಲರನ್ನು ಕಾಣಬೇಕೆಂದು ಹೇಳಿ, ಮುಂದಿನ ವಾರಕ್ಕೆ ಸಮಯ ಗೊತ್ತುಮಾಡಿಕೊಟ್ಟಿದ್ದೇನೆ.