ಆರೈಕೆಗೆ ಕೊರತೆಯಿಲ್ಲ, ಜೊತೆಗೆ ಯಾರೂ ಇಲ್ಲ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಸಲಹೆ ಕೇಳಿ ಬಂದವರು ಮಗಳು. ತಾಯಿಗೆ 79 ವರ್ಷ. ಸೊಂಟದ ಮೂಳೆ ಮುರಿದ ಮೇಲೆ ಹೆಚ್ಚಿನ ಹೊತ್ತು ಹಾಸಿಗೆಯಲ್ಲೇ. ಹಗಲು ಆರೈಕೆಗೆ ಒಬ್ಬ ಹುಡುಗಿ ಬರುತ್ತಾಳೆ, ರಾತ್ರಿ ಮಗಳೇ. "ಯಾವುದಕ್ಕೂ ಕಮ್ಮಿ ಮಾಡಿಲ್ಲ ಮೇಡಂ. ಆದ್ರೂ ಹತ್ತು ನಿಮಿಷಕ್ಕೊಮ್ಮೆ ಕರೀತಾರೆ. ಹೋಗಿ ನೋಡಿದ್ರೆ ಏನೂ ಇರಲ್ಲ. ಬರೀ ಹಟ."

ಮನೆಗೆ ಹೋಗಿ ತಾಯಿಯೊಂದಿಗೆ ಪ್ರತ್ಯೇಕವಾಗಿ ಮಾತಾಡಿದೆ. ಒಂಟಿತನ ಅಳೆಯಲು ಮೂರೇ ಪ್ರಶ್ನೆಗಳ ಮಾಪನವೊಂದಿದೆ: ಜೊತೆಗೆ ಯಾರೂ ಇಲ್ಲ ಅನಿಸುತ್ತದೆಯೇ, ನನ್ನನ್ನು ಬಿಟ್ಟುಬಿಟ್ಟಿದ್ದಾರೆ ಅನಿಸುತ್ತದೆಯೇ, ಎಲ್ಲರಿಂದ ದೂರವಾದೆ ಅನಿಸುತ್ತದೆಯೇ. ಮೂರಕ್ಕೂ "ಯಾವಾಗಲೂ" ಎಂದರು. ಆಮೇಲೆ ತಾವಾಗಿಯೇ ಹೇಳಿದರು: "ಈ ಕೋಣೆಗೆ ಬರೋರೆಲ್ಲ ನನ್ನ ಮೈ ನೋಡಕ್ಕೇ ಬರ್ತಾರಮ್ಮ."

ಅದು ನಿಜವಾಗಿತ್ತು. ಮಾತ್ರೆ ಆಯ್ತಾ, ನೋವು ಇದೆಯಾ, ಬಟ್ಟೆ ಬದಲಿಸಬೇಕಾ, ಇದರಾಚೆಗೆ ಅಲ್ಲಿ ಮಾತೇ ಇರಲಿಲ್ಲ. ಮಗಳು ಹಟ ಅಂದುಕೊಂಡದ್ದು ಹಟವಾಗಿರಲಿಲ್ಲ. ಯಾರನ್ನಾದರೂ ಒಳಗೆ ಕರೆಸಿಕೊಳ್ಳಲು ಅವರಿಗೆ ಉಳಿದಿದ್ದ ದಾರಿ ಅದೊಂದೇ. ಹಾಗಾದರೆ ಗೆಳತಿಯರು? ಸೋಂಕು ತಗುಲೀತೆಂದು ಮಗಳು ಬರುವವರನ್ನು ಕಡಿಮೆ ಮಾಡಿದ್ದರು. ತಾಯಿಗಿದ್ದ ಕಾರಣ ಬೇರೆ, ಮಗಳಿಗೂ ಗೊತ್ತಿಲ್ಲದ್ದು. ಡಯಾಪರ್ ವಾಸನೆ ಬಂದೀತೆಂಬ ನಾಚಿಕೆಗೆ ಅವರೇ "ಬರಬೇಡಿ" ಎಂದು ಹೇಳಿ ಕಳಿಸಿದ್ದರು. ಇಂಥ ನಾಚಿಕೆಯನ್ನು ನಾನು ತುಂಬಾ ಮನೆಗಳಲ್ಲಿ ಕಂಡಿದ್ದೇನೆ. ಹಿರಿಯರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಮನೆಯವರಿಗೆ ಕೇಳಲು ತೋಚುವುದಿಲ್ಲ.

"ಒಂಟಿತನ ಅಷ್ಟು ದೊಡ್ಡ ವಿಷಯವಾ?" ಎಂದು ಮಗಳು ಕೇಳಿದರು. ಹೌದು. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು 2025ರಲ್ಲಿ ಕೊಟ್ಟ ವರದಿಯ ಅಂದಾಜಿನಂತೆ ಜಗತ್ತಿನಲ್ಲಿ ಆರರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ, ವರ್ಷಕ್ಕೆ ಸುಮಾರು 8,71,000 ಸಾವುಗಳಿಗೆ ಅದರ ನಂಟಿದೆ.

ಮೊದಲು ಕಿವಿ ಪರೀಕ್ಷೆ ಮಾಡಿಸಿ ಎಂದೆ. ನಾನು ಹತ್ತಿರ ಕೂತಾಗ ಸಲೀಸಾಗಿ ಮಾತಾಡಿದವರು ಬಾಗಿಲಿಂದ ಕರೆದರೆ ಓಗೊಡುತ್ತಿರಲಿಲ್ಲ. ಖಿನ್ನತೆ ಇದೆಯೇ ಎಂದು ವೈದ್ಯರಿಗೂ ತೋರಿಸಲು ಹೇಳಿದೆ. ಖಿನ್ನತೆಯಿದ್ದರೆ ಅದಕ್ಕೆ ಚಿಕಿತ್ಸೆಯೇ ಬೇಕು, ಜನ ಬಂದು ಹೋದರೆ ಸಾಲದು.

ಗೆಳತಿಯರಲ್ಲಿ ಯಾರು ಬರಬೇಕು, ಯಾವಾಗ ಬರಬೇಕು ಎಂಬುದನ್ನು ತಾಯಿಯೇ ತೀರ್ಮಾನಿಸಲಿ. ಸ್ನಾನವಾಗಿ ಬಟ್ಟೆ ಬದಲಿಸಿದ ಮೇಲಿನ ಅರ್ಧ ಗಂಟೆ ಸಾಕು. ಜ್ವರ, ನೆಗಡಿ ಇದ್ದವರು ಇನ್ನೊಂದು ದಿನ ಬರಲಿ. ಅವರು ಮಾತಾಡುವಾಗ ನೀವು ಕೋಣೆಯಲ್ಲಿರಬೇಡಿ, ಗೆಳತಿಯರ ನಡುವೆ ಮಗಳ ಮುಂದೆ ಆಡಲಾಗದ ಮಾತುಗಳಿರುತ್ತವೆ. ದಿನಕ್ಕೊಮ್ಮೆಯಾದರೂ ಔಷಧಿ, ನೋವಿನ ಸುದ್ದಿ ಎತ್ತದೆ ಅವರ ಪಕ್ಕ ಕೂತುಕೊಳ್ಳಿ. ಅವರು ಹೊಲಿಗೆ ಕಲಿಸಿದ್ದವರು. ಆರೈಕೆಯ ಹುಡುಗಿಗೆ ಕಲಿಯುವ ಆಸೆಯಿತ್ತು, ಕೇಳಲು ಸಂಕೋಚ. ಅದನ್ನು ನಾನೇ ಇಬ್ಬರ ಮುಂದೆ ಎತ್ತಿದೆ.

ಮಗಳಿಗೂ ಬಿಡುವು ಬೇಕು. ದಣಿದವರಿಗೆ ಪಕ್ಕ ಕೂತು ಮಾತಾಡುವ ತ್ರಾಣ ಇರುವುದಿಲ್ಲ. ವಾರಕ್ಕೊಂದು ರಾತ್ರಿ ತಮ್ಮ ಬಂದಿರಲಿ ಎಂದೆ.

ಈಗ ಒಬ್ಬ ಗೆಳತಿ ಬರತೊಡಗಿದ್ದಾರೆ, ಶ್ರವಣಸಾಧನಕ್ಕೆ ತಾಯಿ ಇನ್ನೂ ಒಗ್ಗಿಕೊಳ್ಳುತ್ತಿದ್ದಾರೆ. ತಮ್ಮ ಒಪ್ಪಿದರೂ ಬಂದಿಲ್ಲ. ಮುಂದಿನ ಭೇಟಿಗೆ ಅವರನ್ನೂ ಕರೆತರಲು ಹೇಳಿದ್ದೇನೆ.