ಕಾಯುವುದು ಕಾಯಿರಿ, ಮೊದಲು ಆ ಬ್ಯಾಟರಿ ತೆಗೆಸಿ

ಪ್ರಶ್ನೆ: ನನಗೆ 31 ವರ್ಷ. ತೀರ್ಥಹಳ್ಳಿ ತಾಲೂಕಿನ ಹಳ್ಳಿ, ಎರಡೆಕರೆ ಅಡಿಕೆ ತೋಟ. ನನ್ನ ಆಂಡ್ರಾಯ್ಡ್ ಫೋನ್ ನಾಲ್ಕು ವರ್ಷದ್ದು. ಸೆಪ್ಟೆಂಬರಿನಲ್ಲಿ ಬರುವ ಹೊಸ ಐಫೋನ್ ತಗೊಳ್ಳುವ ಆಸೆ. ಕಳೆದೆರಡು ವರ್ಷವೂ ಹೀಗೇ ಕಾದೆ, ಬಂದ ಮೇಲೆ ‘ಮುಂದಿನದು ಇನ್ನೂ ಚೆನ್ನಾಗಿರುತ್ತಂತೆ’ ಅಂತ ಬಿಟ್ಟೆ. ರಾತ್ರಿ ಹನ್ನೆರಡರವರೆಗೂ ಲೀಕ್ ವಿಡಿಯೊ ನೋಡುತ್ತೇನೆ. ಈಗಿನ ಫೋನು 30 ಪರ್ಸೆಂಟ್ ಇದ್ದಾಗಲೇ ಆಫ್ ಆಗುತ್ತದೆ, ಹಿಂದಿನ ಕವರೂ ಸರಿಯಾಗಿ ಕೂರುತ್ತಿಲ್ಲ. ಹೋದ ವಾರ ಮಗಳಿಗೆ ಜ್ವರ ಬಂದಾಗ ಹೆಂಡತಿ ಹದಿನಾಲ್ಕು ಸಲ ಕಾಲ್ ಮಾಡಿದ್ದಾಳೆ. ನಾನು ತೋಟದಲ್ಲಿದ್ದೆ, ಫೋನ್ ಸತ್ತಿತ್ತು. ಅವತ್ತಿನಿಂದ ಮಾತು ಬಿಟ್ಟಿದ್ದಾಳೆ. ಅಪ್ಪ ‘ಕೊಯ್ಲು ಆಗಲಿ, ನೋಡೋಣ’ ಅನ್ನುತ್ತಾರೆ. ಇಎಂಐ ಹಾಕಿ ಈಗಲೇ ತಗೊಳ್ಳಲಾ, ಕಾಯಲಾ?

ಉತ್ತರ: ನಿಮ್ಮ ಪತ್ರದಲ್ಲಿ ಹೆಂಡತಿ, ಅಪ್ಪ, ಐಫೋನ್ ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ನೀವು ಹಾರಿಸಿಕೊಂಡು ಹೋಗಿದ್ದೀರಿ: ‘ಕವರೂ ಸರಿಯಾಗಿ ಕೂರುತ್ತಿಲ್ಲ’. ಕವರ್ ಕೆಟ್ಟಿರಲಿಕ್ಕಿಲ್ಲ, ಫೋನ್ ದಪ್ಪ ಆಗಿರಬೇಕು. ಕವರ್ ತೆಗೆದು, ಕ್ಯಾಮೆರಾ ಉಬ್ಬು ಅಂಚಿನಿಂದ ಹೊರಗೆ ಬರುವಂತೆ ಫೋನನ್ನು ಕಡಪ ಕಲ್ಲಿನ ಮೇಲೆ ಅಂಗಾತ ಇಡಿ. ಮಧ್ಯದಲ್ಲಿ ಎತ್ತಿ ಹಿಡಿದಂತೆ ತೂಗಿದರೆ, ಮೆಲ್ಲಗೆ ತಿರುಗಿಸಿದಾಗ ಬುಗುರಿಯ ಹಾಗೆ ಸುತ್ತಿದರೆ, ಅಥವಾ ಪರದೆಯ ಅಂಚಿನಲ್ಲಿ ಉಗುರು ತೂರುವಷ್ಟು ಸಂದು ಕಂಡರೆ, ಒಳಗೆ ಬ್ಯಾಟರಿ ಊದಿದೆ ಎಂದೇ ತಿಳಿಯಿರಿ.

ಊದಿದ್ದರೆ ಇವತ್ತಿನಿಂದ ಚಾರ್ಜ್ ಹಾಕಬೇಡಿ. ಸ್ವಿಚ್ ಆಫ್ ಮಾಡಿ, ಹಾಸಿಗೆ, ಬಟ್ಟೆ, ಕಟ್ಟಿಗೆಯಿಂದ ದೂರ, ಒಣಗಿದ ಕಲ್ಲು ನೆಲದ ಮೇಲಿಡಿ. ಒತ್ತಿ ಕೂರಿಸಲು ಹೋಗಬೇಡಿ, ಸೂಜಿ ಚುಚ್ಚಬೇಡಿ, ಫ್ರಿಜ್ಜಿನಲ್ಲಿಡಬೇಡಿ. ಲಿಥಿಯಂ ಬ್ಯಾಟರಿ ಹಳತಾದಂತೆ ಒಳಗಿನ ದ್ರಾವಣ ಒಡೆದು ಅನಿಲವಾಗುತ್ತದೆ, ತೆಳು ಚೀಲ ಬಲೂನಿನಂತೆ ಉಬ್ಬುತ್ತದೆ. ಚೀಲ ಹರಿದರೆ, ಒಳಗಿನ ಪದರಗಳು ಒಂದಕ್ಕೊಂದು ತಾಗಿದರೆ ಬೆಂಕಿ. ತಲೆದಿಂಬಿನ ಪಕ್ಕ ಚಾರ್ಜಿಗಿಟ್ಟು ಮಲಗುವ ಮನೆಯಲ್ಲಿ ಮಗುವೂ ಇದೆ ಅನ್ನುವುದನ್ನು ನಾವು ಹೇಳಬೇಕಾಗಿಲ್ಲ.

30 ಪರ್ಸೆಂಟಿಗೇ ಆಫ್ ಆಗುವುದೂ ಇದೇ ಕಾಯಿಲೆ. ಹಳೇ ಬ್ಯಾಟರಿಯ ಒಳತಡೆ, ಅಂದರೆ ಕರೆಂಟ್ ಹರಿಯಲು ಒಳಗಿನ ಅಡ್ಡಿ, ಹೆಚ್ಚಿರುತ್ತದೆ. ಒಮ್ಮೆಲೇ ಜಾಸ್ತಿ ಕರೆಂಟ್ ಎಳೆದರೆ ವೋಲ್ಟೇಜ್ ಕುಸಿದು, ಚಾರ್ಜ್ ಬಾಕಿ ಇದ್ದರೂ ಫೋನ್ ಆರಿಹೋಗುತ್ತದೆ. ಅಷ್ಟು ಎಳೆಯುವುದು ಯಾವಾಗ? ಸಿಗ್ನಲ್ ಒಂದು ಕಡ್ಡಿ ಇದ್ದಾಗ. ಟವರ್ ದೂರವಾದಷ್ಟೂ ಫೋನ್ ಹೆಚ್ಚು ಶಕ್ತಿ ಹಾಕಿ ಕೂಗಬೇಕು. ಗುಡ್ಡದ ಮರೆಯ ನಿಮ್ಮ ತೋಟದಲ್ಲಿ ಅದು ದಿನವಿಡೀ ಕೂಗುತ್ತಲೇ ಇರುತ್ತದೆ. ಮಲೆನಾಡಿನಲ್ಲಿ ಬ್ಯಾಟರಿ ಬೇಗ ಸಾಯಲು ಅರ್ಧ ಕಾರಣ ಇದು. ಸಿಗ್ನಲ್ ಪೂರ್ತಿ ಇಲ್ಲದ ಕಡೆ ಏರೋಪ್ಲೇನ್ ಮೋಡ್ ಹಾಕುವುದರಿಂದ ನಷ್ಟವೇನಿಲ್ಲ, ಹೇಗೂ ಕಾಲ್ ಬರುವುದಿಲ್ಲವಲ್ಲ.

ಶಿವಮೊಗ್ಗದಲ್ಲಿ ನಿಮ್ಮ ಫೋನ್ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿಗೆ ಹೋಗಿ. ಬ್ಯಾಟರಿ, ಕೂಲಿ, ಅಂಟು, ಜಿಎಸ್‌ಟಿ ಸೇರಿ ಎಷ್ಟು ಎಂದು ಮೊದಲೇ ಬರೆಸಿಕೊಳ್ಳಿ. ದುರ್ಗಿಗುಡಿಯ ಯಾವುದೋ ಅಂಗಡಿಯಲ್ಲಿ ಅರ್ಧ ಬೆಲೆಗೆ ಹಾಕಿಕೊಡುತ್ತಾರೆ ಎಂದು ಗೆಳೆಯರು ಹೇಳಬಹುದು. ಬೇರೆ ರಿಪೇರಿಗೆ ನಮ್ಮ ತಕರಾರಿಲ್ಲ, ಊದಿದ ಬ್ಯಾಟರಿಗೆ ಬೇಡ. ಡೇಟಾ ಅಳಿಸದೆ ಬ್ಯಾಟರಿ ಮಾತ್ರ ಬದಲಿಸಬಹುದು, ಅದನ್ನು ಅವರು ಕೊಡುವ ರಿಪೇರಿ ಚೀಟಿಯಲ್ಲಿ (ಜಾಬ್ ಶೀಟ್) ಬರೆಸಿ. ಹಿಂಬದಿ ತೆಗೆದಾಗ ನೀರು ತಡೆಯುವ ಅಂಟು ಹರಿಯುತ್ತದೆ, ಹೊಸ ಅಂಟುಪಟ್ಟಿ ಹಾಕಿದರೂ ಮೊದಲಿನ ಭರವಸೆ ಇರುವುದಿಲ್ಲ. ಮಳೆಗಾಲ ಮುಗಿಯುವವರೆಗೆ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲೇ ಒಯ್ಯಿರಿ. ಹಳೇ ಬ್ಯಾಟರಿಯನ್ನು ಅಲ್ಲೇ ಕೊಟ್ಟು ಬನ್ನಿ. ಅದು ಗೊಬ್ಬರಗುಂಡಿಗೂ ಅಲ್ಲ, ಬಚ್ಚಲ ಒಲೆಗಂತೂ ಅಲ್ಲವೇ ಅಲ್ಲ.

ಅಲ್ಲಿಯವರೆಗೆ ಸಿಮ್ ತೆಗೆದು ಕೀಪ್ಯಾಡ್ ಫೋನಿಗೆ ಹಾಕಿ. ಜಿಯೊ ಸಿಮ್ ಆದರೆ ಬರೀ 2ಜಿ ಇರುವ ಹಳೇ ಡಬ್ಬಿಯಲ್ಲಿ ನಡೆಯುವುದಿಲ್ಲ, 4ಜಿ ಕೀಪ್ಯಾಡ್ ಫೋನೇ ಬೇಕು.

ಈಗ ಹೆಂಡತಿಯ ವಿಷಯ. ಅವರ ಸಿಟ್ಟು ಐಫೋನಿನ ಮೇಲಲ್ಲ. ಹದಿನಾಲ್ಕು ಸಲ ಕರೆದಾಗ ನೀವು ಸಿಗಲಿಲ್ಲ, ಅದರ ಮೇಲೆ. ಹೊಸ ಫೋನ್ ಬಂದರೆ ಅದು ತಾನಾಗಿ ಸರಿಹೋಗುತ್ತದೆ ಎಂದುಕೊಂಡಿದ್ದರೆ ತಪ್ಪು: ಟವರ್ ಇಲ್ಲದ ತೋಟದಲ್ಲಿ 80 ಸಾವಿರದ ಫೋನೂ ಮೂಕವೇ. ತೋಟದಲ್ಲಿ ಯಾವ ಕಂಪನಿ ಸಿಗುತ್ತದೆ ಎಂದು ಅಡಿಕೆ ಗೊನೆ ಇಳಿಸುವ ಕೊನೆಗೌಡರ, ಪಕ್ಕದ ತೋಟದವರ ಫೋನ್ ಹಿಡಿದು ತೋಟದ ಅಂಚಿನ ತನಕ ನಡೆದು ನೋಡಿ. ಬಿಎಸ್‌ಎನ್‌ಎಲ್‌ನ 4ಜಿ 700 ಮೆಗಾಹರ್ಟ್ಸ್‌ನಲ್ಲೂ ಇದೆ. ಕಡಿಮೆ ಆವರ್ತನದ ತರಂಗ ಮರ, ಗುಡ್ಡದ ನಡುವೆ ಹೆಚ್ಚು ದೂರ ನುಸುಳುತ್ತದೆ. ಅದಕ್ಕೆ ಫೋನಿನಲ್ಲಿ ಬ್ಯಾಂಡ್ 28, ಅಂದರೆ ಈ 700ರ ತರಂಗ ಹಿಡಿಯುವ ಸೌಲಭ್ಯ, ಇರಬೇಕು. ಸಿಗುವ ಕಂಪನಿಯದ್ದನ್ನೇ ಎರಡನೇ ಸಿಮ್ ಮಾಡಿಕೊಳ್ಳಿ.

ಮನೆಯಲ್ಲಿ ಫೈಬರ್ ಇಂಟರ್‌ನೆಟ್ ಇದ್ದರೆ ವೈಫೈ ಕಾಲಿಂಗ್ ಆನ್ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ನೆಟ್‌ವರ್ಕ್, ಅಲ್ಲಿ ನಿಮ್ಮ ಸಿಮ್, ಅದರೊಳಗೆ ಸಿಗುತ್ತದೆ. ಜಿಯೊ, ಏರ್‌ಟೆಲ್ ಎರಡರಲ್ಲೂ ನಡೆಯುತ್ತದೆ, ಮಾಮೂಲಿ ನಂಬರಿಗೇ ಕಾಲ್ ಬರುತ್ತದೆ. ಆದರೆ ಆಷಾಢದ ಗಾಳಿಗೆ ಕರೆಂಟ್ ಹೋದರೆ ರೂಟರ್ ಸಾಯುತ್ತದೆ, ಕಾಲಿಂಗೂ ಸಾಯುತ್ತದೆ. ರೂಟರಿನ ಅಡಾಪ್ಟರ್ ಮೇಲೆ ‘12 ವೋಲ್ಟ್, 1 ಆಂಪ್’ ಎಂಬಂತೆ ಬರೆದಿರುತ್ತದೆ. ಅದೇ ವೋಲ್ಟಿನ, ಅಷ್ಟು ಅಥವಾ ಹೆಚ್ಚು ಆಂಪಿನ ಸಣ್ಣ ಯುಪಿಎಸ್ ತನ್ನಿ. ಸಿಡಿಲಿನ ಸೂಚನೆ ಕಂಡರೆ ಮಾತ್ರ, ಅದು ಶುರುವಾಗುವ ಮೊದಲೇ ಅದನ್ನೂ ಗೋಡೆಯಿಂದ ಕಿತ್ತಿಡಿ. ಫೈಬರ್ ತಂತಿಯಲ್ಲಿ ಸಿಡಿಲು ಹರಿಯದಿದ್ದರೂ ಪ್ಲಗ್ಗಿನಿಂದ ಒಳಗೆ ಬರುತ್ತದೆ.

ಇನ್ನು ಕಾಯುವ ಮಾತು. ಸೆಪ್ಟೆಂಬರಿನ ಲೆಕ್ಕ ಹೆಚ್ಚುಕಮ್ಮಿ ಹೀಗೆ. 2024ರಲ್ಲೂ 2025ರಲ್ಲೂ ಆ್ಯಪಲ್ ಸೆಪ್ಟೆಂಬರ್ 9ರಂದೇ ಫೋನ್ ತೋರಿಸಿತು, ಅದೇ ವಾರದ ಶುಕ್ರವಾರ ಬುಕಿಂಗ್, ಮುಂದಿನ ಶುಕ್ರವಾರ ಮಾರಾಟ. ಐಫೋನ್ 16 ಬಂದಾಗ ಐಫೋನ್ 15ರ ಬೆಲೆ 79,900ರಿಂದ 69,900ಕ್ಕೆ ಇಳಿಯಿತು. 17 ಬಂದಾಗ 16ಕ್ಕೂ ಅದೇ ಆಯಿತು, ಹೊಸದು 82,900ಕ್ಕೆ ನಿಂತಿತು. ಅಂದರೆ ಕಾದದ್ದಕ್ಕೆ ಹತ್ತು ಸಾವಿರ ಉಳಿದದ್ದು ಹೊಸದನ್ನು ಕೊಂಡವರಿಗಲ್ಲ, ಹಿಂದಿನ ವರ್ಷದ್ದನ್ನು ಕೊಂಡವರಿಗೆ. ನಮ್ಮನ್ನು ಕೇಳಿದರೆ ನಿಮಗೆ ಒಪ್ಪುವುದೂ ಅದೇ. ಆದರೆ ಈ ಸಲವೂ ಹಾಗೇ ಇಳಿಯುತ್ತದೆ ಎಂದು ಕಣ್ಣುಮುಚ್ಚಿ ನಂಬಬೇಡಿ. 2025ರ ಕೊನೆಯಿಂದ ಮೆಮೊರಿ ಚಿಪ್‌ಗಳ ಬೆಲೆ ಏರಿ ಹಲವು ಫೋನುಗಳು ತುಟ್ಟಿಯಾಗಿವೆ. ಲೀಕ್ ವಿಡಿಯೊಗಳು ಕ್ಯಾಮೆರಾ ಎಲ್ಲಿ ಕೂರುತ್ತದೆ ಎಂಬುದನ್ನು ತಕ್ಕಮಟ್ಟಿಗೆ ಸರಿಯಾಗಿ ಹೇಳುತ್ತವೆ. ನಿಮ್ಮ ಜೇಬಿಗೆ ಬೇಕಾದ ಇಂಡಿಯಾದ ಬೆಲೆ, ಬ್ಯಾಂಕ್ ರಿಯಾಯಿತಿ ಬಿಡುಗಡೆಯ ದಿನದ ತನಕ ಖಚಿತವಾಗುವುದಿಲ್ಲ. ಹನ್ನೆರಡರ ತನಕ ಎದ್ದಿರುವುದು ಏತಕ್ಕೆ?

ಇಎಂಐ ಬಗ್ಗೆ ಅಪ್ಪನ ಮಾತೇ ಸರಿ, ಅವರು ಕಾರಣ ಬಿಡಿಸಿ ಹೇಳಿಲ್ಲ ಅಷ್ಟೆ. ಕಂತು ತಿಂಗಳಿಗೊಮ್ಮೆ ಬರುತ್ತದೆ, ಅಡಿಕೆ ದುಡ್ಡು ಹಾಗೆ ಬರುವುದಿಲ್ಲ. ಈಗ ಔಷಧಿ ಹೊಡೆಸುವ ಖರ್ಚು, ಆಮೇಲೆ ಕೊಯ್ಲಿನ ಕೂಲಿ, ಸುಲಿದು ಬೇಯಿಸಿ ಒಣಗಿಸಿ ಮಂಡಿಗೆ ಹಾಕಿದ ಮೇಲೆ ಕೈಗೆ ದುಡ್ಡು. ಸೆಪ್ಟೆಂಬರಿನಲ್ಲಿ ಶುರುವಾದ ಕಂತು ಸರಿಯಾಗಿ ಕೈ ಬರಿದಾದ ತಿಂಗಳುಗಳಿಗೇ ಬಂದು ಬೀಳುತ್ತದೆ. ‘ನೋ ಕಾಸ್ಟ್’ ಅನ್ನುವುದೂ ಪೂರ್ತಿ ಪುಕ್ಕಟೆಯಲ್ಲ: ಬಡ್ಡಿಯಷ್ಟನ್ನು ರಿಯಾಯಿತಿಯಾಗಿ ಕೊಟ್ಟರೂ ಕ್ರೆಡಿಟ್ ಕಾರ್ಡಿನ ಕಂತಿನಲ್ಲಿ ಆ ಬಡ್ಡಿಯ ಮೇಲೆ 18% ಜಿಎಸ್‌ಟಿ ನಿಮ್ಮದೇ. ಬಡ್ಡಿ 6,000 ಆದರೆ ತೆರಿಗೆ 1,080, ಜೊತೆಗೆ ಪ್ರೊಸೆಸಿಂಗ್ ಶುಲ್ಕ.

ಹಾಗಾಗಿ ಕಾಗದದಲ್ಲಿ ಎರಡೇ ಸಾಲು ಬರೆದು ಹೆಂಡತಿಗೆ ಕೊಡಿ: ಗರಿಷ್ಠ ಇಷ್ಟು ರೂಪಾಯಿ, ಮಂಡಿ ದುಡ್ಡು ಬಂದ ವಾರದೊಳಗೆ. ಆ ಬೆಲೆಗೆ ಆ ಹೊತ್ತಿಗೆ ಸಿಕ್ಕಿದ್ದನ್ನು ಕೊಳ್ಳುವುದು, ಮುಂದಿನದರ ಸುದ್ದಿ ಅಲ್ಲಿಗೆ ಬಂದ್. ತಡವಾಗಿ ಕೊಳ್ಳುವುದರಲ್ಲಿ ಇನ್ನೊಂದು ಲಾಭವಿದೆ, ಮೊದಲ ತಿಂಗಳ ಸಾಫ್ಟ್‌ವೇರ್ ತೊಂದರೆಗಳನ್ನು ಬೇರೆಯವರು ಅನುಭವಿಸಿ ಮುಗಿಸಿರುತ್ತಾರೆ. ತಗೊಂಡ ದಿನ ಯುಪಿಐ ಹಾಕುವಾಗ ಸಿಮ್‌ನಿಂದ ಎಸ್‌ಎಂಎಸ್ ಹೋಗಬೇಕು, ಆದ್ದರಿಂದ ಆ ಕೆಲಸವನ್ನು ಶಿವಮೊಗ್ಗದಲ್ಲೇ ಮುಗಿಸಿ. ಹೊಸ ಫೋನಿನಲ್ಲಿ ಮೊದಲ ಕೆಲವು ದಿನ ದೊಡ್ಡ ಮೊತ್ತ ಕಳಿಸಲು ಬಿಡುವುದಿಲ್ಲ, ಕೂಲಿ ಬಟವಾಡೆಯ ದಿನವನ್ನು ತಪ್ಪಿಸಿ. ನೀರು ತಡೆಯುತ್ತದೆ ಎನ್ನುವ ಐಪಿ68 ಗುರುತು ಇದೆಯೆಂದು, ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮೆತ್ತಿದ ಕೈಯಲ್ಲಿ ಹಿಡಿಯಬೇಡಿ. ಆ ಪರೀಕ್ಷೆ ಸಿಹಿನೀರಿನದು, ಮೈಲುತುತ್ತದ್ದಲ್ಲ. ನೀರಿನಿಂದ ಕೆಟ್ಟರೆ ವಾರಂಟಿಯೂ ಇಲ್ಲ.

ಎಲ್ಲ ಆಮೇಲಿನದು. ನಾಳೆ ಬೆಳಿಗ್ಗೆ ಸರ್ವಿಸ್ ಸೆಂಟರಿಗೆ ಕಾಲ್ ಮಾಡಿ ನಿಮ್ಮ ಮಾಡೆಲ್ಲಿನ ಬ್ಯಾಟರಿ ಸ್ಟಾಕ್ ಇದೆಯೇ ಕೇಳಿ, ಇಲ್ಲದಿದ್ದರೆ ತರಿಸಲು ಹೇಳಿ, ಸುಮ್ಮನೆ ಅರವತ್ತು ಕಿಲೋಮೀಟರ್ ಹೋಗಿ ಬರಿಗೈಲಿ ಬರುವುದು ಬೇಡ. ನಿಮ್ಮ ಫೋನಂತೂ ಆಫ್ ಆಗಿರುತ್ತದೆ, ಕಾಲ್ ಮಾಡಲು ಹೆಂಡತಿಯದ್ದನ್ನೇ ಕೇಳಿ.